ದಾರಿ ತಪ್ಪಿದ ಕುರಿಯ ಕಾಲನ್ನು ಕುರುಬ ಮುರಿಯುತ್ತಾನಾ?

ಪ್ರಶ್ನೆ: ನನ್ನ ತಮ್ಮ ಚರ್ಚಿಗೆ ಬರುವುದನ್ನು ಬಿಟ್ಟು ಕೆಲವು ವರ್ಷವಾಯಿತು. ಹೋದ ತಿಂಗಳು ಬೈಕ್ ಅಪಘಾತದಲ್ಲಿ ಅವನ ಬಲಗಾಲು ಎರಡು ಕಡೆ ಮುರಿಯಿತು. ನೋಡಲು ಬಂದ ಸಭೆಯ ಹಿರಿಯರೊಬ್ಬರು ಮಂಚದ ಪಕ್ಕ ಕೂತು, "ಪದೇ ಪದೇ ಹಿಂಡು ಬಿಟ್ಟು ಹೋಗುವ ಮರಿಯ ಕಾಲನ್ನು ಒಳ್ಳೆಯ ಕುರುಬ ತಾನೇ ಮುರಿಯುತ್ತಾನೆ. ವಾಸಿಯಾಗುವ ತನಕ ಹೆಗಲ ಮೇಲೆ ಹೊರುತ್ತಾನೆ. ಆಮೇಲೆ ಅದು ಅವನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ದೇವರು ನಿನಗೆ ಮಾಡಿದ್ದೂ ಇದೇ" ಎಂದರು. ತಮ್ಮ ಮಾತಾಡದೆ ಗೋಡೆ ಕಡೆ ಮುಖ ತಿರುಗಿಸಿದ. ಈ ಮಾತು ಬೈಬಲಿನಲ್ಲಿ ಇದೆಯಾ? ನಾವು ಕುರಿಗಳು ಅಂದರೆ ಹೇಳಿದ್ದನ್ನೆಲ್ಲ ಸುಮ್ನೆ ಕೇಳಿಕೊಂಡು ಹೋಗಬೇಕಾ? ಸಂಡೇ ಸ್ಕೂಲ್‌ನಲ್ಲಿ ನಾನು ಮಕ್ಕಳಿಗೂ ಇದೇ ಕಥೆ ಹೇಳುತ್ತಾ ಬಂದಿದ್ದೇನೆ.

ಉತ್ತರ: ಸಹೋದರಿ, ಇದು ಬೈಬಲಿನಲ್ಲಿ ಇಲ್ಲ. ಆದಿಕಾಂಡದಿಂದ ಪ್ರಕಟನೆಯ ತನಕ ಹುಡುಕಿದರೂ ಒಬ್ಬ ಕುರುಬ ತನ್ನ ಕುರಿಯ ಕಾಲು ಮುರಿದ ಮಾತು ಒಂದು ಕಡೆಯೂ ಸಿಗುವುದಿಲ್ಲ. ಲೂಕ 15ರಲ್ಲಿ ಇಲ್ಲ, ಕೀರ್ತನೆ 23ರಲ್ಲಿ ಇಲ್ಲ, ಯೋಹಾನ 10ರಲ್ಲಿ ಇಲ್ಲ. ಇದು ಪ್ರಸಂಗದಿಂದ ಪ್ರಸಂಗಕ್ಕೆ ದಾಟಿ ಬಂದ ಕಥೆ. ಕೊನೆಯಲ್ಲಿ ಹೆಗಲ ಮೇಲೆ ಹೊರುವ ಚಿತ್ರ ಇರುವುದರಿಂದ ಕೇಳಿದವರ ಕಣ್ಣು ಒದ್ದೆಯಾಗುತ್ತದೆ, ಹಾಗಾಗಿ ಎಲ್ಲಿ ಬರೆದಿದೆ ಎಂದು ಯಾರೂ ಕೇಳುವುದಿಲ್ಲ. ಆ ಹಿರಿಯರು ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಆದರೆ ಹೇಳಿದ್ದು ನೋವು ತಿನ್ನುತ್ತಾ ಮಲಗಿದ ಹುಡುಗನಿಗೆ. ಆ ಹುಡುಗ ಈಗ ದೇವರನ್ನು ಯಾವ ಮುಖದಲ್ಲಿ ಕಾಣುತ್ತಿರಬಹುದು ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಬೈಬಲ್ ತೆರೆಯುವ ಮುಂಚೆ ಕುರಿ ಕಾಯುವವರನ್ನೇ ಕೇಳೋಣ. ಅದಕ್ಕೆ ಬೇತ್ಲೆಹೇಮಿಗೆ ಹೋಗಬೇಕಾಗಿಲ್ಲ. ಬೆಳಗಾವಿ, ಬಾಗಲಕೋಟೆ, ಚಿತ್ರದುರ್ಗ ಕಡೆಯ ಕುರಿಗಾಹಿಗಳು ಹಿಂಡು ಹೊಡೆದುಕೊಂಡು ಊರಿಂದ ಊರಿಗೆ ತಿರುಗುತ್ತಾರೆ. ಸುಗ್ಗಿ ಮುಗಿದ ಹೊಲದಲ್ಲಿ ರೈತರು ಗೊಬ್ಬರಕ್ಕೆಂದು ಕುರಿ ತರುಬಿಸಿಕೊಳ್ಳುತ್ತಾರೆ. ಇವತ್ತು ಈ ಹೊಲ, ನಾಳೆ ಇನ್ನೆಲ್ಲೋ. ಕಾಲು ಮುರಿದ ಕುರಿ ಅಂಥ ಹಿಂಡಿನಲ್ಲಿ ಏನು ಮಾಡೀತು? ನಡೆಯಲಾರದು, ಸರಿಯಾಗಿ ಮೇಯಲಾರದು, ಸೊರಗುತ್ತದೆ, ಹಿಂದೆ ಬಿದ್ದರೆ ತೋಳದ ಪಾಲಾಗುತ್ತದೆ. ಬೆಳೆದ ಕುರಿ 25-30 ಕಿಲೋ ತೂಗುತ್ತದೆ. ಮೂಳೆ ಕೂಡುವ ತನಕ ಅದನ್ನು ವಾರಗಟ್ಟಲೆ ಹೊತ್ತುಕೊಂಡು ಉಳಿದ ಹಿಂಡನ್ನೂ ಕಾಯುವುದು ಆಗುವ ಮಾತಲ್ಲ. ಹಿಂಡೇ ಬದುಕಾಗಿರುವ ಮನುಷ್ಯ ಬೇಕೆಂದೇ ಒಂದರ ಕಾಲು ಮುರಿಯುತ್ತಾನೆ ಎಂದು ಯಾವುದಾದರೂ ಕುರಿಹಟ್ಟಿಯಲ್ಲಿ ಹೇಳಿ ನೋಡಿ, ಇವರಿಗೆ ಏನಾಗಿದೆ ಎಂದು ನಿಮ್ಮನ್ನೇ ನೋಡುತ್ತಾರೆ.

ಹಿಂಡು ಬಿಟ್ಟು ಹೋಗುವ ಕುರಿಗೆ ಅವರು ಮಾಡುವುದೇ ಬೇರೆ. ಸಿಳ್ಳೆ ಹಾಕುತ್ತಾರೆ, ತಮ್ಮದೇ ಕೂಗು ಹಾಕುತ್ತಾರೆ. ಅದಕ್ಕೂ ಬಗ್ಗದಿದ್ದರೆ ಅದು ಹೋಗುತ್ತಿರುವ ದಿಕ್ಕಿನಲ್ಲಿ, ಅದಕ್ಕಿಂತ ನಾಲ್ಕು ಮಾರು ಮುಂದೆ ಬೀಳುವ ಹಾಗೆ ಒಂದು ಕಲ್ಲು ಬೀಸುತ್ತಾರೆ. ಕುರಿ ಬೆಚ್ಚಿ ಹಿಂಡಿನ ಕಡೆಗೆ ತಿರುಗುತ್ತದೆ. ಪ್ಯಾಲೆಸ್ಟೈನಿನ ಕುರುಬರು ಕವಣೆಯನ್ನು ಈ ಕೆಲಸಕ್ಕೂ ಬಳಸುತ್ತಿದ್ದರು. ಕಲ್ಲು ಮೈಗೆ ತಾಗಬಾರದು, ಅದರಲ್ಲೇ ಇರುವುದು ಕೈಚಳಕ.

ಕಾಲು ಮುರಿದ ಮರಿಗೆ ಏನು ಮಾಡುತ್ತಾರೆ ಎನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕಲ್ಲಿನ ಸಂದಿಯಲ್ಲಿ ಕಾಲು ಸಿಕ್ಕಿಸಿಕೊಂಡು ಮುರಿದುಕೊಂಡಿದ್ದ ಮರಿ ಅದು. ಕುರಿಗಾಹಿ ನೆಲದ ಮೇಲೆ ಕೂತು ಅದನ್ನು ತೊಡೆಗೆ ಅಡ್ಡ ಮಲಗಿಸಿಕೊಂಡರು. ಹೆಬ್ಬೆರಳಿನಿಂದ ಕಾಲಿನ ಉದ್ದಕ್ಕೂ ಮೆಲ್ಲಗೆ ಒತ್ತುತ್ತಾ ಬಂದರು, ಮುರಿದ ಜಾಗ ಸಿಕ್ಕ ಕೂಡಲೇ ಬೆರಳು ನಿಂತಿತು. ಹಳೇ ಪಂಚೆಯ ಅಂಚು ಹರಿದು ಸುತ್ತಿದರು. ಅದರ ಮೇಲೆ ಬಿದಿರಿನ ದಬ್ಬೆ ಇಟ್ಟು ಹುರಿಯಿಂದ ಕಟ್ಟಿದರು. ಕಟ್ಟಿದ ಮೇಲೆ ಗೊರಸಿನ ಹತ್ತಿರ ಮುಟ್ಟಿ ಬಿಸಿ ಇದೆಯಾ ಎಂದು ನೋಡಿದರು, ಯಾಕೆಂದರೆ ಬಿಗಿ ಜಾಸ್ತಿಯಾದರೆ ರಕ್ತ ಓಡದೆ ಕಾಲೇ ಹೋಗುತ್ತದೆ. ಅಷ್ಟು ಹೊತ್ತೂ ತಾಯಿ ಕುರಿ ಅವರ ಬೆನ್ನ ಹಿಂದೆ ನಿಂತು ಅರಚುತ್ತಿತ್ತು. ಆ ರಾತ್ರಿ ಮರಿ ಮಲಗಿದ್ದು ಅವರ ಕಂಬಳಿಯೊಳಗೆ.

ಬೈಬಲಿನ ಕಾಲದಲ್ಲೂ ಲೆಕ್ಕ ಬೇರೆ ಇರಲಿಲ್ಲ. ಅಂಗ ಮುರಿದ ಪ್ರಾಣಿಯನ್ನು ಯಜ್ಞಕ್ಕೆ ತರಬಾರದು ಎಂದು ಯಾಜಕಕಾಂಡ 22:22 ಹೇಳುತ್ತದೆ. ಬೇರೆಯವರ ಕುರಿ ಕಾಯುವವನು ಒಂದೊಂದಕ್ಕೂ ಉತ್ತರ ಕೊಡಬೇಕಿತ್ತು. ಕಾಡುಮೃಗ ಕೊಂದಿದ್ದರೆ ಅದು ಸೀಳಿ ಬಿಟ್ಟದ್ದನ್ನು ತಂದು ಸಾಕ್ಷಿಯಾಗಿ ತೋರಿಸಬೇಕು ಎಂಬ ಕಾನೂನು ವಿಮೋಚನಕಾಂಡ 22:13ರಲ್ಲಿದೆ. ಪ್ರವಾದಿ ಆಮೋಸ ತೆಕೋವ ಎಂಬ ಊರಿನ ಕುರುಬ. ಸಿಂಹದ ಬಾಯಿಂದ ಎರಡು ಕಾಲೋ ಕಿವಿಯ ಚೂರೋ ಕಿತ್ತು ತರುವ ಕುರುಬನ ಮಾತನ್ನು ಅವನು ಆಡುತ್ತಾನಲ್ಲ, ಅದು ಈ ಕಷ್ಟ ಗೊತ್ತಿದ್ದವನ ಮಾತು. ಇನ್ನು ಯಾಕೋಬ ಮಾವ ಲಾಬಾನನ ಎದುರು ನಿಂತು 20 ವರ್ಷದ ಲೆಕ್ಕ ಒಪ್ಪಿಸುವುದನ್ನು ಓದಿ, ಆದಿಕಾಂಡ 31ರಲ್ಲಿದೆ. ಹಗಲು ಬಿಸಿಲಿಗೆ ಬೆಂದೆ, ರಾತ್ರಿ ಚಳಿಗೆ ನಡುಗಿದೆ, ಕಣ್ಣಿಗೆ ನಿದ್ದೆ ಹತ್ತಲಿಲ್ಲ, ಮೃಗ ಸೀಳಿದ್ದನ್ನು ನಿನ್ನ ಮುಂದೆ ತರದೆ ಆ ನಷ್ಟ ನಾನೇ ತುಂಬಿಕೊಟ್ಟೆ ಎನ್ನುತ್ತಾನೆ. ಇಲ್ಲೆಲ್ಲೂ ಕುರಿ ಹೇಗಿರಬೇಕು ಎಂಬ ಚರ್ಚೆಯೇ ಇಲ್ಲ, ಅಲ್ವಾ? ಮಾತೆಲ್ಲ ಕುರುಬ ಏನೇನು ಹೊರಬೇಕು ಎಂಬುದರ ಬಗ್ಗೆ. ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಬೈಬಲಿನಲ್ಲಿ ಕುರಿ-ಕುರುಬರ ಮಾತು ಬಂದಲ್ಲೆಲ್ಲ ಬಹುಪಾಲು ಲೆಕ್ಕ ಕೇಳುವುದು ಕುರುಬನನ್ನು.

ಇಷ್ಟು ಹೇಳಿದ ಮೇಲೂ ಯಾರಾದರೂ ಕೀರ್ತನೆ 51:8 ತೆಗೆದು ತೋರಿಸಬಹುದು. ದೇವರು ಜಜ್ಜಿದ ಎಲುಬುಗಳು ಮತ್ತೆ ಆನಂದಿಸಲಿ ಎಂಬ ಬೇಡಿಕೆ ಅಲ್ಲಿದೆ. ಆದರೆ ಆ ಕೀರ್ತನೆ ಯಾರದು, ಯಾವಾಗಿನದು ಎಂದು ಅದರ ತಲೆಬರಹವೇ ಹೇಳುತ್ತದೆ. ದಾವೀದ ಬತ್ಷೆಬೆಯನ್ನು ಕೂಡಿದ ಮೇಲೆ ಪ್ರವಾದಿ ನಾತಾನ ಅವನ ಹತ್ತಿರ ಬಂದಾಗಿನದು. ನಾತಾನ ಬಂದು ಹೇಳಿದ್ದೇನು? ಒಂದು ಕುರಿಯ ಕಥೆ. ಒಬ್ಬ ಬಡವ. ಅವನಿಗಿದ್ದದ್ದು ದುಡ್ಡು ಕೊಟ್ಟು ತಂದ ಒಂದೇ ಹೆಣ್ಣು ಕುರಿಮರಿ. ಮಕ್ಕಳ ಜೊತೆ ಬೆಳೆಯಿತು, ಅವನ ತುತ್ತಿನಲ್ಲೇ ತಿಂದಿತು, ಅವನ ಬಟ್ಟಲಿನಲ್ಲೇ ಕುಡಿಯಿತು, ಮಗಳ ಹಾಗೆ ಅವನ ಎದೆಗೊರಗಿ ಮಲಗಿತು. ಪಕ್ಕದ ಶ್ರೀಮಂತನಿಗೆ ಲೆಕ್ಕವಿಲ್ಲದಷ್ಟು ಕುರಿ ದನ. ಮನೆಗೆ ಅತಿಥಿ ಬಂದಾಗ ತನ್ನದನ್ನು ಮುಟ್ಟದೆ ಬಡವನ ಆ ಒಂದು ಮರಿಯನ್ನು ಕಿತ್ತುಕೊಂಡು ಅಡುಗೆ ಮಾಡಿಸಿದ. ದಾವೀದನಿಗೆ ಕೋಪ ನೆತ್ತಿಗೇರಿತು, ಅಂಥವನು ಸಾಯಬೇಕು, ನಾಲ್ಕರಷ್ಟು ಕೊಡಬೇಕು ಎಂದು ಅಬ್ಬರಿಸಿದ. ನಾತಾನ, ಆ ಮನುಷ್ಯ ನೀನೇ ಎಂದ.

ಇದೇ ದಾವೀದ ಹುಡುಗನಾಗಿದ್ದಾಗ ಸಿಂಹದ, ಕರಡಿಯ ಬಾಯಿಂದ ಮರಿ ಬಿಡಿಸಿ ತರುತ್ತಿದ್ದವನು. ಈಗ ರಾಜನಾಗಿ ಊರೀಯನ ಹೆಂಡತಿ ಬತ್ಷೆಬೆಯನ್ನು ತೆಗೆದುಕೊಂಡ, ಊರೀಯನನ್ನು ಕೊಲ್ಲಿಸಿದ. ಮರಿ ಬಿಡಿಸುತ್ತಿದ್ದ ಕೈ ಮರಿ ಕಿತ್ತುಕೊಳ್ಳುವ ಕೈಯಾಯಿತು. ಕೀರ್ತನೆ 51ರ ಎಲುಬು ಅವನದು. ಕುರಿಯದಲ್ಲ, ಕುರಿಮರಿ ಕಿತ್ತುಕೊಂಡ ಕುರುಬನದು. ಅದೂ ಅವನೇ ತನ್ನ ಬಾಯಿಂದ, ತನ್ನ ಬಗ್ಗೆ ಹೇಳಿಕೊಂಡದ್ದು, ಬೇರೆ ಯಾರೋ ಬಂದು ಅವನ ಮಂಚದ ಪಕ್ಕ ಕೂತು ಹೇಳಿದ್ದಲ್ಲ. ಅದನ್ನು ಎತ್ತಿ ತಂದು ಒಂದು ಮರಿಯ ಕಾಲಿಗೆ ಅಂಟಿಸಿದರೆ ಇಡೀ ಮಾತು ತಲೆಕೆಳಗಾಗುತ್ತದೆ.

ಕುರಿಮರಿಯ ಎಲುಬಿನ ಬಗ್ಗೆ ಬೈಬಲ್ ನೇರವಾಗಿ ಮಾತಾಡುವ ಜಾಗವೂ ಒಂದಿದೆ. ಯೆಹೂದ್ಯರ ಪಸ್ಕ ಹಬ್ಬದ ಕುರಿಮರಿಯ ಒಂದು ಎಲುಬನ್ನೂ ಮುರಿಯಬಾರದು, ವಿಮೋಚನಕಾಂಡ 12:46. ಶಿಲುಬೆಯ ಹತ್ತಿರ ನಿಂತು ಯೋಹಾನ ನೆನೆಯುವುದು ಇಂಥದೇ ಮಾತನ್ನು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಶುರುವಾಗುವುದರೊಳಗೆ ಹೆಣ ಇಳಿಸಬೇಕಿತ್ತು, ಬೇಗ ಸಾಯಲಿ ಎಂದು ಸೈನಿಕರು ಅಕ್ಕಪಕ್ಕದ ಇಬ್ಬರ ಕಾಲು ಮುರಿದರು. ಯೇಸುಸ್ವಾಮಿ ಆಗಲೇ ಪ್ರಾಣ ಬಿಟ್ಟಿದ್ದರು, ಅವರ ಕಾಲು ಮುರಿಯಲಿಲ್ಲ. ಸುವಾರ್ತೆಯಲ್ಲಿ ಕಾಲು ಮುರಿಯುವವರು ಸಿಗುವುದು ಇಲ್ಲಿ ಮಾತ್ರ. ಅವರು ರೋಮಿನ ಸೈನಿಕರು.

ಈಗ ಯೆಹೆಜ್ಕೇಲ 34ಕ್ಕೆ ಬನ್ನಿ. ಈ ವಿಷಯದಲ್ಲಿ ಒಂದೇ ಅಧ್ಯಾಯ ಓದಲು ಸಮಯ ಇದೆ ಎನ್ನುವವರಿಗೆ ನಾನು ಇದನ್ನೇ ಕೊಡುತ್ತೇನೆ. ಆ ಕಾಲದಲ್ಲಿ ಕುರುಬ ಎನ್ನುವುದು ರಾಜರು ತಮ್ಮನ್ನು ತಾವೇ ಕರೆದುಕೊಳ್ಳುತ್ತಿದ್ದ ಬಿರುದು. ಬಾಬಿಲೋನಿನ ಹಮ್ಮುರಾಬಿ, ಕ್ರಿಸ್ತಪೂರ್ವ 1750ರ ಹೊತ್ತಿಗೇ, ತನ್ನ ಕಾನೂನಿನ ಪೀಠಿಕೆಯಲ್ಲಿ ತಾನು ಕುರುಬ ಎಂದು ಬರೆಸಿದ್ದಾನೆ. ಯೆಹೆಜ್ಕೇಲ ಯೆಹೂದದಿಂದ ಸೆರೆ ಹೋಗಿ ಅದೇ ಬಾಬಿಲೋನಿನ ನಾಡಿನಲ್ಲಿ ಬದುಕುತ್ತಿದ್ದ. ಕ್ರಿಸ್ತಪೂರ್ವ 586ರಲ್ಲಿ ಯೆರೂಸಲೇಮ್ ಸುಟ್ಟು ಹೋಯಿತು, ಜನ ದಿಕ್ಕಾಪಾಲಾದರು. ಆಗ ಪ್ರವಾದಿ ಬೈಯುವುದು ಚದುರಿಹೋದ ಕುರಿಗಳನ್ನಲ್ಲ, ಕುರುಬರನ್ನು. ಕೊಬ್ಬು ನೀವು ತಿಂದಿರಿ, ಉಣ್ಣೆ ನೀವು ಹೊದ್ದಿರಿ, ಕುರಿ ಮಾತ್ರ ಮೇಯಿಸಲಿಲ್ಲ. ಬಲವಿಲ್ಲದ್ದಕ್ಕೆ ಬಲ ಕೊಡಲಿಲ್ಲ, ರೋಗದ್ದಕ್ಕೆ ಮದ್ದು ಮಾಡಲಿಲ್ಲ, ಮುರಿದದ್ದಕ್ಕೆ ಕಟ್ಟು ಕಟ್ಟಲಿಲ್ಲ, ಓಡಿಸಿದ್ದನ್ನು ಮರಳಿ ತರಲಿಲ್ಲ, ಕಳೆದದ್ದನ್ನು ಹುಡುಕಲಿಲ್ಲ. ನೋಡಿದಿರಾ? ಮುರಿದದ್ದಕ್ಕೆ ಕಟ್ಟು ಕಟ್ಟದಿರುವುದೇ ಕುರುಬನ ಮೇಲಿನ ಆರೋಪ. ಹಾಗಿದ್ದರೆ ಮುರಿಯುವವನನ್ನು ಏನೆನ್ನಬೇಕು? 16ನೇ ವಚನದಲ್ಲಿ ದೇವರು, ನಾನೇ ಹೋಗಿ ಹುಡುಕುತ್ತೇನೆ, ನಾನೇ ಮುರಿದದ್ದನ್ನು ಕಟ್ಟುತ್ತೇನೆ ಎನ್ನುತ್ತಾರೆ.

ಆ ಅಧ್ಯಾಯ ಅಲ್ಲಿಗೇ ನಿಲ್ಲುವುದಿಲ್ಲ, ಆದರೆ ನಮ್ಮ ಸಭೆಗಳಲ್ಲಿ ಓದುವುದು ಅಲ್ಲಿಗೇ ನಿಲ್ಲುತ್ತದೆ. 17ನೇ ವಚನದಿಂದ ದೇವರು ಕುರಿ ಕುರಿಗಳ ನಡುವೆಯೇ ನ್ಯಾಯ ತೀರಿಸುತ್ತಾರೆ. ಕೊಬ್ಬಿದ ಕುರಿಗಳು ಒಳ್ಳೆ ಹುಲ್ಲು ಮೇದು ಉಳಿದದ್ದನ್ನು ತುಳಿಯುತ್ತವೆ, ತಿಳಿನೀರು ಕುಡಿದು ಮಿಕ್ಕಿದ್ದನ್ನು ಕಾಲಿನಿಂದ ಕದಡುತ್ತವೆ, ಬಡಕಲು ಕುರಿಗಳನ್ನು ಮೈಯಿಂದ ಒತ್ತಿ ಕೊಂಬಿನಿಂದ ಹಾಯ್ದು ಹಿಂಡಿನಿಂದಾಚೆ ಚದುರಿಸುತ್ತವೆ. ಹಾಗಾದರೆ ಹಿಂಡು ಬಿಟ್ಟು ಹೋದ ಕುರಿಗಳೆಲ್ಲ ಹಟಮಾರಿಗಳಲ್ಲ. ಒಳಗಿದ್ದವರೇ ಹಾಯ್ದು ಹೊರಗೆ ಹಾಕಿದವೂ ಅವುಗಳಲ್ಲಿವೆ. ನಿಮ್ಮ ತಮ್ಮ ಚರ್ಚು ಯಾಕೆ ಬಿಟ್ಟ ಎಂದು ನೀವು ಬರೆದಿಲ್ಲ. ಅದನ್ನು ಯಾರಾದರೂ ಅವನನ್ನು ಕೂರಿಸಿಕೊಂಡು ಕೇಳಿದ್ದಾರಾ?

ಲೂಕ 15ರ ನೂರು ಕುರಿಯ ಸಾಮ್ಯವನ್ನು ಯೇಸುಸ್ವಾಮಿ ಹೇಳಿದ್ದೂ ಇಂಥ ಸಂದರ್ಭದಲ್ಲೇ. ಇವನು ಸುಂಕದವರ ಜೊತೆ, ಪಾಪಿಗಳ ಜೊತೆ ಕೂತು ಊಟ ಮಾಡುತ್ತಾನೆ ಎಂದು ಆಗಿನ ಧರ್ಮನಿಷ್ಠ ಪಂಗಡವಾದ ಫರಿಸಾಯರು ಗೊಣಗುತ್ತಿದ್ದರು. ಕಥೆ ಅವರಿಗೆ ಹೇಳಿದ್ದು, ಕಾಯಬೇಕಾಗಿದ್ದವರಿಗೆ. ನಿಮ್ಮಲ್ಲಿ ಯಾರಿಗಾದರೂ ನೂರು ಕುರಿ ಇದ್ದು ಒಂದು ಕಳೆದರೆ ಎಂದು ಶುರುವಾಗುತ್ತದೆ, ಅಂದರೆ ಕೇಳುವವರನ್ನು ಕುರುಬನ ಜಾಗದಲ್ಲೇ ನಿಲ್ಲಿಸುತ್ತಾರೆ. ಅವನು ಸಿಗುವ ತನಕ ಹುಡುಕುತ್ತಾನೆ, ಸಿಕ್ಕಿದ ಮೇಲೆ ಬೈಯುವುದಿಲ್ಲ, ಹೊಡೆಯುವುದಿಲ್ಲ, ಸಂತೋಷದಿಂದ ಹೆಗಲ ಮೇಲೆ ಹಾಕಿಕೊಳ್ಳುತ್ತಾನೆ. ಹೆಗಲು ಯಾಕೆ ಬೇಕು ಎಂದು ಕೇಳಬಹುದು. ಹಿಂಡಿನ ಪ್ರಾಣಿ ಅದು, ಒಂಟಿಯಾದರೆ ವಿಪರೀತ ಹೆದರುತ್ತದೆ, ಓಡಿ ಅರಚಿ ಸುಸ್ತಾಗಿ ಎಲ್ಲೋ ಮುದುರಿ ಬಿದ್ದಿರುತ್ತದೆ. ಅದನ್ನು ಅಟ್ಟಿಕೊಂಡು ಬರುವುದಕ್ಕಿಂತ ಎತ್ತಿಕೊಂಡು ಬರುವುದೇ ವಾಸಿ. ಕಾಲು ಮುರಿದೇ ಹೊರಬೇಕೆಂದಿಲ್ಲ.

ಮೊದಲ ಕ್ರೈಸ್ತರು ಇದನ್ನು ಹೇಗೆ ಅರ್ಥ ಮಾಡಿಕೊಂಡಿದ್ದರು ಎಂಬುದಕ್ಕೆ ಗೋಡೆಗಳೇ ಸಾಕ್ಷಿ. ಶಿಲುಬೆಯ ಚಿತ್ರ ಬಳಕೆಗೆ ಬರುವ ಎಷ್ಟೋ ಮುಂಚೆ ರೋಮಿನ ನೆಲದಡಿಯ ಸಮಾಧಿಗಳಲ್ಲಿ ಅವರು ಮತ್ತೆ ಮತ್ತೆ ಬರೆದದ್ದು ಹೆಗಲ ಮೇಲೆ ಕುರಿ ಹೊತ್ತ ಯುವಕನನ್ನು. ಸಿರಿಯಾದಲ್ಲಿ ಯೂಫ್ರೆಟಿಸ್ ನದಿಯ ದಡದಲ್ಲಿ ದುರಾ ಯೂರೋಪಸ್ ಎಂಬ ಊರಿತ್ತು. ಕ್ರಿಸ್ತಶಕ 256ರ ಹೊತ್ತಿಗೆ ಪರ್ಷಿಯಾದವರ ಮುತ್ತಿಗೆಯಲ್ಲಿ ಹಾಳಾಯಿತು. ಅಲ್ಲಿ ಚರ್ಚಾಗಿ ಮಾಡಿಕೊಂಡಿದ್ದ ಒಂದು ಮನೆ ಮಣ್ಣಿನಡಿ ಉಳಿದು, 1930ರ ದಶಕದ ಉತ್ಖನನದಲ್ಲಿ ಸಿಕ್ಕಿತು. ದೀಕ್ಷಾಸ್ನಾನದ ತೊಟ್ಟಿಯ ಮೇಲಿನ ಗೋಡೆಯಲ್ಲಿ ಅದೇ ಚಿತ್ರ, ಹೆಗಲ ಮೇಲೆ ದೊಡ್ಡ ಟಗರು ಹೊತ್ತ ಕುರುಬ. ಹೊಸದಾಗಿ ನಂಬಿಕೆಗೆ ಬಂದವರು ನೀರಿಗೆ ಇಳಿಯುವಾಗ ಕಣ್ಣೆತ್ತಿದರೆ ಕಾಣುತ್ತಿದ್ದದ್ದು ಅದು. ಕಥೋಲಿಕ ಸಭೆಯ ಆರ್ಚ್‌ಬಿಷಪ್‌ಗಳು ಹೆಗಲ ಮೇಲೆ ಬಿಳಿ ಉಣ್ಣೆಯ ಪಟ್ಟಿ ಧರಿಸುವುದೂ ಇದೇ ನೆನಪಿಗೆ. ಭಾರ ಯಾರ ಹೆಗಲ ಮೇಲೆ ಎಂದು ಅದು ಅವರಿಗೆ ನೆನಪಿಸಬೇಕು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಕುರಿ ಅಂದರೆ ಬುದ್ಧಿಯಿಲ್ಲದ್ದು, ಹಾಗಾಗಿ ನಾವೂ ಬುದ್ಧಿ ಬದಿಗಿಟ್ಟು ಹಿಂಬಾಲಿಸಬೇಕು ಎಂದು ಬೋಧಿಸುವವರಿದ್ದಾರೆ. ಕುರಿಗೂ ಇದು ಅನ್ಯಾಯ, ಯೇಸುಸ್ವಾಮಿಯ ಮಾತಿಗೂ ಅನ್ಯಾಯ. ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರದ ಬಾಬ್ರಹಾಮ್ ಸಂಸ್ಥೆಯ ವಿಜ್ಞಾನಿಗಳು 2001ರಲ್ಲಿ ತೋರಿಸಿದ ಹಾಗೆ, ಕುರಿಗಳು 50 ಬೇರೆ ಕುರಿಗಳ ಮುಖವನ್ನು ಎರಡು ವರ್ಷದ ತನಕ ನೆನಪಿಟ್ಟುಕೊಳ್ಳುತ್ತವೆ. ಸಂಜೆ ಹಟ್ಟಿಯಲ್ಲಿ ಮರಿಗಳನ್ನು ಬಿಟ್ಟಾಗ ನೀವೇ ನೋಡಬಹುದು, ಅಷ್ಟೊಂದು ಗದ್ದಲದಲ್ಲಿ ತಾಯಿ ಕೂಗು ಕೇಳಿ, ಮೂಸಿ, ತನ್ನ ಮರಿಯನ್ನೇ ಹಾಲಿಗೆ ಬಿಟ್ಟುಕೊಳ್ಳುತ್ತದೆ, ಬೇರೆಯದು ಬಂದರೆ ತಲೆಯಿಂದ ಗುದ್ದಿ ಓಡಿಸುತ್ತದೆ. ಯೋಹಾನ 10ರಲ್ಲಿ ಯೇಸುಸ್ವಾಮಿ ಹಿಡಿದದ್ದು ಈ ಗುಣವನ್ನೇ. ಕುರಿಗಳು ತಮ್ಮ ಕುರುಬನ ಸ್ವರ ಗುರುತಿಸುತ್ತವೆ, ಬೇರೆಯವನ ಹಿಂದೆ ಹೋಗುವುದಿಲ್ಲ, ಅವನಿಂದ ಓಡಿಹೋಗುತ್ತವೆ ಎಂದು 5ನೇ ವಚನದಲ್ಲಿದೆ. ಓಡಿಹೋಗುವುದು ಅಲ್ಲಿ ತಪ್ಪಲ್ಲ, ಕುರಿಯ ಜಾಣತನ. ಹಾಗಾಗಿ ಮಂಚದ ಪಕ್ಕ ಕೇಳಿದ ಒಂದು ಮಾತು ಕುರುಬನ ಸ್ವರದ ಹಾಗೆ ಇಲ್ಲ ಎಂದು ನಿಮಗೆ ಅನ್ನಿಸಿ ನೀವು ಈ ಪ್ರಶ್ನೆ ಬರೆದಿದ್ದೀರಲ್ಲ, ಕುರಿ ಮಾಡಬೇಕಾದ ಕೆಲಸವೇ ಅದು.

ಅದೇ ಅಧ್ಯಾಯದಲ್ಲಿ ಕೂಲಿಯಾಳು ಬರುತ್ತಾನೆ, ತೋಳ ಕಂಡ ಕೂಡಲೇ ಕುರಿ ಬಿಟ್ಟು ಓಡುತ್ತಾನೆ. ಇದರ ತೂಕ ಗೊತ್ತಾಗಬೇಕಾದರೆ ಯೆಹೂದ್ಯರ ಧರ್ಮಶಾಸ್ತ್ರದ ನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿರುವ ಒಂದು ನಿಯಮ ನೋಡಬೇಕು. ಅದು ಬರಹಕ್ಕೆ ಬಂದದ್ದು ಕ್ರಿಸ್ತಶಕ 200ರ ಸುಮಾರಿಗೆ. ಸಂಬಳಕ್ಕೆ ಕಾಯುವವನ ಹಿಂಡಿನ ಮೇಲೆ ಒಂದು ತೋಳ ಬಿದ್ದರೆ ಅದು ತಪ್ಪಿಸಲಾಗದ ಅಪಘಾತ ಅಲ್ಲ, ನಷ್ಟ ಅವನದೇ. ಎರಡು ತೋಳ ಬಂದರೆ ಅವನ ತಪ್ಪಿಲ್ಲ. ಸಿಂಹ, ಕರಡಿ, ಚಿರತೆ ಬಂದರೂ ತಪ್ಪಿಲ್ಲ. ಅಂದರೆ ಕೂಲಿಯವನ ಹೊಣೆಗೆ ಕಾನೂನಿನಲ್ಲೇ ಒಂದು ಗೆರೆ ಇತ್ತು, ಅದು ನ್ಯಾಯವಾದ ಗೆರೆಯೇ. ಬಡವ, ಸಂಬಳಕ್ಕಾಗಿ ಅವನು ಯಾಕೆ ಸಾಯಬೇಕು? ಒಳ್ಳೆಯ ಕುರುಬ ತನ್ನ ಕುರಿಗಳಿಗಾಗಿ ಪ್ರಾಣ ಕೊಡುತ್ತಾನೆ ಎಂದು ಯೇಸುಸ್ವಾಮಿ ಹೇಳಿದಾಗ ಆ ಗೆರೆಯನ್ನೇ ದಾಟಿಬಿಟ್ಟರು. ಎಷ್ಟು ತೋಳ ಬಂದರೂ ನಾನು ನಿಲ್ಲುತ್ತೇನೆ ಎಂಬ ಮಾತು ಅದು. ಕುರುಬನನ್ನು ಹೊಡೆಯುವೆನು ಎಂಬ ಪ್ರವಾದಿ ಜೆಕರ್ಯನ ಮಾತನ್ನು ಕೊನೆಯ ರಾತ್ರಿ ಯೇಸುಸ್ವಾಮಿ ತಮಗೇ ಅನ್ವಯಿಸಿಕೊಳ್ಳುತ್ತಾರೆ, ಮಾರ್ಕ 14:27ರಲ್ಲಿದೆ. ಏಟು ಬೀಳುವುದು ಯಾರಿಗೆ ಎನ್ನುವುದು ಇಲ್ಲಿ ಸ್ಪಷ್ಟ.

ಸಭೆಯ ಹಿರಿಯರಿಗೂ ಪಾಸ್ಟರುಗಳಿಗೂ ಈ ಕೆಲಸದಲ್ಲಿ ಪಾಲಿದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಪೇತ್ರ ತನ್ನ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ಹಿರಿಯರಿಗೆ ಬರೆಯುವಾಗ ಹಿಂಡಿನ ಮೇಲೆ ದೊರೆತನ ಮಾಡಬೇಡಿ, ಮಾದರಿಯಾಗಿರಿ ಎನ್ನುತ್ತಾನೆ, ಮುಖ್ಯ ಕುರುಬ ಒಬ್ಬನಿದ್ದಾನೆ ಎಂದೂ ನೆನಪಿಸುತ್ತಾನೆ. ಬೆರೋಯ ಎಂಬ ಊರಿನ ಜನ ಅಪೊಸ್ತಲ ಪೌಲನ ಮಾತನ್ನೂ ಶಾಸ್ತ್ರಕ್ಕೆ ಹೋಲಿಸಿ ನೋಡಿದರು, ಅಪೊಸ್ತಲರ ಕೃತ್ಯಗಳು ಅದನ್ನು ಅವರ ಒಳ್ಳೆಯ ಗುಣವೆಂದೇ ಹೇಳುತ್ತದೆ. ಪೌಲನಿಗೆ ಇದ್ದ ಪರೀಕ್ಷೆ ನಮ್ಮ ಹಿರಿಯರಿಗೂ ಇರಲಿ.

ಕೀರ್ತನೆ 23ರ ದೊಣ್ಣೆ, ಕೋಲಿನ ಬಗ್ಗೆಯೂ ಯಾರಾದರೂ ಕೇಳಿಯೇ ಕೇಳುತ್ತಾರೆ, ಶಿಕ್ಷೆಗಲ್ಲದೆ ಇನ್ನೇನಕ್ಕೆ ಎಂದು. ಆ ನೆಲ ಹೇಗಿದೆ ನೋಡಿ. ಬೇತ್ಲೆಹೇಮಿನಿಂದ ಪೂರ್ವಕ್ಕೆ ಇಳಿದರೆ ಯೆಹೂದದ ಬೆಂಗಾಡು. ಬೆಟ್ಟದ ಮೇಲಿನ ಯೆರೂಸಲೇಮಿಗೆ ವರ್ಷಕ್ಕೆ 500 ಮಿಲಿಮೀಟರಿಗೂ ಜಾಸ್ತಿ ಮಳೆ, ಕೆಳಗಿನ ಯೆರಿಕೋವಿಗೆ 200ಕ್ಕೂ ಕಮ್ಮಿ. ನಡುವಿನ ದಾರಿ 25 ಕಿಲೋಮೀಟರ್ ಸುಮಾರು. ಚಳಿಗಾಲದ ಮಳೆಯ ಮೇಲೆ ಕೆಲವು ವಾರ ಹಸಿರು ಕಾಣುತ್ತದೆ, ಆಮೇಲೆ ಒಣ ಕಲ್ಲು. ಆಳವಾದ ಕಣಿವೆಗಳು, ಬಿಸಿಲು ಸರಿಯಾಗಿ ಇಳಿಯದ ಇರುಕಲುಗಳು. ದೂರದ ಬೆಟ್ಟದಲ್ಲಿ ಮಳೆಯಾದರೆ ಇಲ್ಲಿ ಮೋಡವೇ ಇಲ್ಲದಿದ್ದರೂ ಹಳ್ಳ ತುಂಬಿ ನುಗ್ಗುತ್ತದೆ, ಅದಕ್ಕೇ ನಿಂತ ನೀರಿನ ಹತ್ತಿರ ಕರೆದುಕೊಂಡು ಹೋಗುವುದು ದೊಡ್ಡ ವಿಷಯ. ಅಂಥ ಕಾರ್ಗತ್ತಲಿನ ಕಣಿವೆಯಲ್ಲಿ ದೊಣ್ಣೆ ಇರುವುದು ಮೃಗಕ್ಕೆ, ಕೋಲು ಇರುವುದು ದಾರಿಗೆ. ಹಟ್ಟಿಗೆ ಸೇರಿಸುವಾಗ ಕುರಿಗಳು ಒಂದೊಂದಾಗಿ ಕೋಲಿನ ಕೆಳಗೆ ಹಾದುಹೋಗುತ್ತಿದ್ದವು, ಎಣಿಕೆಗೆ. ಅವೆರಡೂ ಧೈರ್ಯ ಕೊಡುತ್ತವೆ ಎಂದು ಕುರಿಯೇ ಹಾಡುತ್ತಿದೆ. ತನ್ನ ಕಾಲಿಗೆ ಬೀಳುವ ಕೋಲನ್ನು ನೋಡಿ ಯಾವ ಕುರಿಗೂ ಧೈರ್ಯ ಬರುವುದಿಲ್ಲ. ಇನ್ನೊಂದನ್ನು ಗಮನಿಸಿ. ಹಸಿರು ಹುಲ್ಲು, ನೀರಿನ ಹತ್ತಿರ ಇರುವಾಗ ದೇವರು ಹೀಗೆ ಮಾಡುತ್ತಾನೆ, ಹಾಗೆ ಮಾಡುತ್ತಾನೆ ಎಂದು ಹಾಡುತ್ತಿದ್ದವನು, ಕತ್ತಲ ಕಣಿವೆಗೆ ಬಂದ ಕೂಡಲೇ ನೀನು ಹತ್ತಿರ ಇದ್ದೀಯ ಎಂದು ನೇರವಾಗಿ ಮಾತಾಡಲು ಶುರು ಮಾಡುತ್ತಾನೆ.

ಈಗ ನಿಮ್ಮ ತಮ್ಮನ ವಿಷಯ. ಅಪಘಾತ ಯಾಕಾಯಿತು ಎಂಬುದಕ್ಕೆ ರಸ್ತೆಯಲ್ಲಿ, ಬೈಕಿನಲ್ಲಿ ಉತ್ತರ ಇರುತ್ತದೆ. ದೇವರ ಮನಸ್ಸಿನಲ್ಲಿ ಹೀಗಿತ್ತು ಎಂದು ಹೇಳುವ ಅಧಿಕಾರ ಆ ಹಿರಿಯರಿಗೂ ಇಲ್ಲ, ನನಗೂ ಇಲ್ಲ. ನೋವಿನಲ್ಲಿ ಒಬ್ಬ ಮನುಷ್ಯ ತಾನಾಗಿ ದೇವರ ಕಡೆ ತಿರುಗಬಹುದು, ಎಷ್ಟೋ ಜನ ತಿರುಗಿದ್ದಾರೆ, ಅದು ಅವನ ಮತ್ತು ದೇವರ ನಡುವಿನ ಮಾತು. ಅದನ್ನು ಮೊದಲೇ ಬೇರೆಯವರು ಅವನ ಬಾಯಿಗೆ ತುರುಕಬಾರದು. ನೀವು ಅವನಿಗೆ ಬೋಧನೆ ಮಾಡಲು ಹೋಗಬೇಡಿ. ಅವರು ಹೇಳಿದ ಕಥೆ ಬೈಬಲಿನಲ್ಲಿ ಇಲ್ಲ, ನಾನು ವಿಚಾರಿಸಿದೆ ಎಂದಷ್ಟು ಹೇಳಿ. ಔಷಧಿಯ ಹೊತ್ತು ನೋಡಿಕೊಳ್ಳಿ, ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಿ, ಅವನು ಮಾತಾಡಿದರೆ ಕೇಳಿ. ಕುರುಬರ ಮೇಲಿನ ಯೆಹೆಜ್ಕೇಲನ ಆರೋಪಗಳ ಪಟ್ಟಿಯಲ್ಲಿ ಕಟ್ಟು ಕಟ್ಟುವುದು ಮೊದಲು ಬರುತ್ತದೆ, ಮರಳಿ ಕರೆತರುವುದು ಆಮೇಲೆ. ಆ ಹಿರಿಯರನ್ನು ನಾಲ್ಕು ಜನರ ಮುಂದೆ ಕೇಳಬೇಡಿ. ಮನೆಗೆ ಹೋಗಿ, ಅಂಕಲ್, ಯೆಹೆಜ್ಕೇಲ 34 ಒಟ್ಟಿಗೆ ಓದೋಣವಾ ಎಂದು ಕೇಳಿ. ಓದಿದರೆ ಅವರಿಗೇ ಅರ್ಥವಾಗುತ್ತದೆ ಎಂಬ ನಂಬಿಕೆ ನನಗಿದೆ. ಸಾಧ್ಯವಾದರೆ ಅವರೇ ಇನ್ನೊಮ್ಮೆ ನಿಮ್ಮ ತಮ್ಮನನ್ನು ನೋಡಲು ಬರಲಿ.

ಸಂಡೇ ಸ್ಕೂಲ್‌ನಲ್ಲಿ ಈ ಕಥೆಯನ್ನು ಈ ವಾರದಿಂದಲೇ ಬಿಟ್ಟುಬಿಡಿ. ಪ್ರೀತಿಸುವವರು ಮೂಳೆ ಮುರಿಯುತ್ತಾರೆ ಎಂದು ಮಗುವಿಗೆ ಕಲಿಸುವುದು ಅಪಾಯ, ಮನೆಯಲ್ಲಿ ಏಟು ತಿನ್ನುವ ಮಗುವಿಗಂತೂ ಜಾಸ್ತಿ ಅಪಾಯ. ಲೂಕ 15 ಇದ್ದ ಹಾಗೇ ಹೇಳಿ, ಕಳೆದ ಕುರಿ ಸಿಕ್ಕಿದ್ದಕ್ಕೆ ಕುರುಬ ನೆರೆಯವರನ್ನೆಲ್ಲ ಕರೆದು ಸಂತೋಷಪಡುವ ತನಕ. ನಿಮ್ಮೂರ ಸುತ್ತ ಹೊಲಗಳಲ್ಲಿ ಕುರಿ ತರುಬಿದಾಗ ಮಕ್ಕಳನ್ನು ಒಂದು ಸಂಜೆ ಅಲ್ಲಿಗೆ ಕರೆದುಕೊಂಡು ಹೋಗಿ. ಮೊದಲೇ ಹೋಗಿ ಕುರಿಗಾಹಿಗಳ ಒಪ್ಪಿಗೆ ಕೇಳಿ, ನಾಯಿಗಳಿರುತ್ತವೆ, ಹೊಸಬರನ್ನು ಕಂಡರೆ ಮೇಲೆ ಬೀಳುತ್ತವೆ. ಮರಿಗಳನ್ನು ತಾಯಿಗೆ ಬಿಡುವ ಹೊತ್ತಿಗೆ ಹೋದರೆ ಒಳ್ಳೆಯದು. ಹಿಂಡು ಬಿಟ್ಟು ಹೋದ ಕುರಿಗೆ ಏನು ಮಾಡುತ್ತೀರಿ ಎಂದು ಮಕ್ಕಳೇ ಅವರನ್ನು ಕೇಳಲಿ.